ಶಂಕರಣ್ಣನ ಸಂಘಕ್ಕೆ ಬರೆಯುವ ಕೆಲಸ

ನಾನು ಶಂಕರ್‌ನಾಗ್ ಅಭಿಮಾನಿಗಳ ಸಂಘವೊಂದಕ್ಕೆ ಬರೆದುಕೊಡುತ್ತೇನೆ. ದುಡ್ಡಿಗಲ್ಲ. ಆಟೋ ಸ್ಟ್ಯಾಂಡಿನಲ್ಲಿ ಹುಟ್ಟಿದ ಸಂಘ, ಸದಸ್ಯರಲ್ಲಿ ಮುಕ್ಕಾಲು ಪಾಲು ಡ್ರೈವರ್‌ಗಳೇ. ಸೆಪ್ಟೆಂಬರ್ 30ಕ್ಕೆ ಪುಣ್ಯಸ್ಮರಣೆ, ನವೆಂಬರ್ 9ಕ್ಕೆ ಹುಟ್ಟುಹಬ್ಬ, ನಡುವೆ ರಾಜ್ಯೋತ್ಸವ. ಇಷ್ಟಕ್ಕೂ ಬ್ಯಾನರ್ ಬೇಕು, ಕರಪತ್ರ ಬೇಕು, ವೇದಿಕೆ ಮೇಲೆ ಓದಲಿಕ್ಕೆ ಎರಡು ಪುಟ ಬೇಕು. ಜೊತೆಗೆ ವರ್ಷಕ್ಕೊಂದು ಸ್ಮರಣ ಸಂಚಿಕೆ. ಎಲ್ಲವೂ ಆ ಆರು ವಾರದೊಳಗೆ ಬಂದು ಬೀಳುತ್ತವೆ.

ಪುಕ್ಕಟೆಯಾಗಿ ಯಾಕೆ ಬರೆಯುತ್ತೀಯ ಅಂತ ಮನೆಯವರೂ ಸ್ನೇಹಿತರೂ ಕೇಳುತ್ತಾರೆ. ಪ್ರೀತಿಗೆ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು, ಆದರೆ ಬರೀ ಪ್ರೀತಿ ಇದ್ದರೆ ಈ ಕೆಲಸ ನಡೆಯುವುದಿಲ್ಲ. ಅಭಿಮಾನಿ ಬರಹ ಅಂದರೆ ಬಾಯಿಗೆ ಬಂದಂತೆ ಹೊಗಳುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ನಾವು ಇಷ್ಟಪಡುವ ಮನುಷ್ಯನ ಬಗ್ಗೆ ತಪ್ಪು ಮಾಹಿತಿ ಹಂಚುವುದು ಅವನಿಗೆ ಮಾಡುವ ಅವಮಾನ. ಪತ್ರಿಕೆಯವರು ಎಷ್ಟು ನೋಡಿ ಬರೆಯಬೇಕೋ ನಾವೂ ಅಷ್ಟೇ ನೋಡಿ ಬರೆಯಬೇಕು. ಜಾಸ್ತಿಯೇ ನೋಡಬೇಕು, ಯಾಕೆಂದರೆ ನಮ್ಮ ಕರಪತ್ರ ಓದುವವರು ಅದನ್ನು ಹಾಗೇ ನಂಬುತ್ತಾರೆ.

ಸಂಘದೊಳಗೆ ಜಗಳ ಬರುವುದೂ ಇಲ್ಲಿಯೇ. ಪ್ರತಿ ವರ್ಷ ಒಂದು ಫಾರ್ವರ್ಡ್ ಮೆಸೇಜ್ ಬರುತ್ತದೆ. ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ, ಎಲ್ಲಾ ಶಂಕರಣ್ಣನ ಕನಸು ಅಂತ. ಅವರು ಊರಿನ ಬಗ್ಗೆ ದೊಡ್ಡದಾಗಿ ಯೋಚಿಸುತ್ತಿದ್ದರು ಅನ್ನುವುದರಲ್ಲಿ ಅನುಮಾನ ಬೇಡ. ಆದರೆ ಆ ಮೆಸೇಜ್‌ಗೆ ವರ್ಷ ವರ್ಷ ಹೊಸ ರೆಕ್ಕೆ ಹುಟ್ಟುತ್ತದೆ, ಹೊಸ ದೇಶ ಸೇರುತ್ತದೆ, ಹೊಸ ಮಂತ್ರಿ ಸೇರುತ್ತಾರೆ. ನನ್ನ ನಿಯಮ ಇಷ್ಟೇ. ಶಂಕರಣ್ಣನ ಅಣ್ಣ ಅನಂತ್ ನಾಗ್ ಅವರೋ ಹೆಂಡತಿ ಅರುಂಧತಿ ನಾಗ್ ಅವರೋ ತಾವೇ ಹೇಳಿದ್ದು ಅಥವಾ ಬರೆದದ್ದು ಇದ್ದರೆ ಹಾಕುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ‘ಅಣ್ಣನ ಬಗ್ಗೆ ಒಳ್ಳೇದೇ ತಾನೇ ಹೇಳಿರೋದು, ಇರ್ಲಿ ಬಿಡಿ’ ಅಂತ ಹುಡುಗರು ಮುನಿಸಿಕೊಳ್ಳುತ್ತಾರೆ. ಬೇಡ. 1954ರಲ್ಲಿ ಹುಟ್ಟಿ 1990ರಲ್ಲಿ ಹೋದ ಮನುಷ್ಯ, 36 ತುಂಬಿರಲಿಲ್ಲ. ಮೊದಲ ಸಿನಿಮಾ ‘ಒಂದಾನೊಂದು ಕಾಲದಲ್ಲಿ’ ಬಂದದ್ದು 1978ರಲ್ಲಿ, ಅದಕ್ಕೇ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. ಅಲ್ಲಿಂದ ಹನ್ನೆರಡು ವರ್ಷದಲ್ಲಿ ನಟನೆ, ನಿರ್ದೇಶನ, ಸಂಕೇತ್ ತಂಡದ ನಾಟಕಗಳು, ರೆಕಾರ್ಡಿಂಗ್ ಸ್ಟುಡಿಯೋ, ಆಗುಂಬೆಯಲ್ಲಿ ಕೂತು ತೆಗೆದ ಮಾಲ್ಗುಡಿ ಡೇಸ್. ಇಷ್ಟು ಮಾಡಿದವರಿಗೆ ನಾವು ಸೇರಿಸಬೇಕಾದ್ದು ಏನಿದೆ ಹೇಳಿ?

ಇನ್ನೊಂದು ಒತ್ತಾಯ ಬರುತ್ತಿರುತ್ತದೆ. ಬೇರೆ ನಟರನ್ನು ಸ್ವಲ್ಪ ಕುಟುಕಿ ಬರೆಯಿರಿ ಅಂತ. ಅದನ್ನು ನಾನು ಯಾವತ್ತೂ ಬರೆದಿಲ್ಲ, ಬರೆಯುವುದೂ ಇಲ್ಲ. ‘ಒಂದು ಮುತ್ತಿನ ಕಥೆ’ಯಲ್ಲಿ ರಾಜ್‌ಕುಮಾರ್ ಅವರನ್ನು ನಿರ್ದೇಶಿಸಿದವರು ಇದೇ ಶಂಕರ್‌ನಾಗ್. ಅವರ ಹೆಸರಲ್ಲಿ ನಾವು ಬೇರೆಯವರ ಜೊತೆ ಕಿತ್ತಾಡುವುದಾ?

ಬೇಜಾರಿನ ಸಂಗತಿ ಬ್ಯಾನರ್‌ನದು. ನಾನು ಆರು ಸಾಲು ಬರೆದುಕೊಡುತ್ತೇನೆ. ಚಂದಾ ಕೊಟ್ಟವರ ಫೋಟೋ ಒಂದೊಂದಾಗಿ ಸೇರುತ್ತಾ ಹೋದ ಹಾಗೆ ಆರು ಸಾಲು ನಾಲ್ಕಾಗುತ್ತದೆ, ಎರಡಾಗುತ್ತದೆ, ಕೊನೆಗೆ ‘ಮತ್ತೆ ಹುಟ್ಟಿ ಬಾ ಅಣ್ಣ’ ಒಂದೇ ಉಳಿಯುತ್ತದೆ. ಅವರನ್ನು ಬೈಯುವುದಕ್ಕೂ ಆಗುವುದಿಲ್ಲ. ಒಂದು ದಿನದ ಬಾಡಿಗೆ ಬಿಟ್ಟು ಐನೂರು ರೂಪಾಯಿ ಕೊಟ್ಟ ಡ್ರೈವರ್‌ಗೆ ತನ್ನ ಮುಖ ಅಣ್ಣನ ಪಕ್ಕ ಕಾಣಬೇಕು ಅಂತ ಆಸೆ ಇರುತ್ತದೆ, ಸಹಜ ಅಲ್ವಾ.

ಆಮೇಲೆ ಡಿಟಿಪಿ ಅಂಗಡಿ. ನಾನು ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೇನೆ, ಅಂಗಡಿಯಲ್ಲಿ ಡಿಸೈನ್ ಮಾಡುವುದು ಹಳೆಯ ನುಡಿ ಫಾಂಟಿನಲ್ಲಿ. ಅಲ್ಲಿಂದ ಇಲ್ಲಿಗೆ ಬರುವಾಗ ಒತ್ತಕ್ಷರ ಕಳಚಿ ಬೀಳುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ‘ಶಂಕರ್‌ನಾಗ್’ ನಡುವೆ ಒಂದು ಚೌಕ ಬಂದು ನಿಲ್ಲುತ್ತದೆ. ಹಾಗಾಗಿ ಹಬ್ಬದ ಹಿಂದಿನ ರಾತ್ರಿ ಡಿಸೈನ್ ಮಾಡುವ ಹುಡುಗನ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತೇನೆ, ಅವನು ಪೂರ್ತಿ ಹೊಸದಾಗಿ ಟೈಪ್ ಮಾಡುತ್ತಾನೆ, ನಾನು ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತೇನೆ. ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯ’ದಲ್ಲಿ ಅರ್ಕಾವತ್ತು ಸರಿಯಾಗಿ ಕೂತಿದೆಯಾ, ‘ಪುಣ್ಯಸ್ಮರಣೆ’ಯಲ್ಲಿ ಣ ಬಿದ್ದಿದೆಯಾ. ಆ ಹುಡುಗ ಪಾಪ, ಬೆಳಗ್ಗೆಯಿಂದ ಮದುವೆ ಕಾರ್ಡ್ ಮಾಡಿ ಸುಸ್ತಾಗಿರುತ್ತಾನೆ, ಆದರೂ ಒಂದು ದಿನವೂ ಸಿಡುಕಿಲ್ಲ. ಬ್ಯಾನರ್‌ನಲ್ಲಿ ಅವನ ಹೆಸರೂ ಇರುವುದಿಲ್ಲ.

ಕದಿಯುವವರೂ ಇದ್ದಾರೆ. ಸಂಚಿಕೆಗೆ ಅಂತ ಬರೆದ ಲೇಖನವನ್ನು ಒಂದು ಯೂಟ್ಯೂಬ್ ಚಾನೆಲ್‌ನವರು ಅಕ್ಷರ ಬಿಡದೆ ಓದಿದರು. ಸಂಘದ ಹೆಸರು ಕೂಡ ಹೇಳಲಿಲ್ಲ. ನನ್ನ ಹೆಸರು ಬೇಕಾಗಿರಲಿಲ್ಲ, ಸಂಘದ ಹೆಸರು ಬೇಕಿತ್ತು. ತುಂಬಾ ಸಿಟ್ಟು ಬಂತು, ಈಗಲೂ ಇದೆ.

ಇಷ್ಟಾದರೂ ಬರೆಯುವುದು ಯಾಕೆ ಅಂದರೆ, ‘ಆಕ್ಸಿಡೆಂಟ್’ ಲೇಖನದ ವಿಷಯ ಹೇಳಬೇಕು. ನಮ್ಮ ಹುಡುಗರಿಗೆ ‘ಆಟೋ ರಾಜ’, ‘ಸಾಂಗ್ಲಿಯಾನ’ ಬಿಟ್ಟರೆ ಬೇರೆ ಬೇಡ. 1980ರಲ್ಲಿ ‘ಆಟೋ ರಾಜ’ ಬಂದಾಗ ಹುಟ್ಟೇ ಇರದವರೂ ಇವತ್ತು ಸ್ಟ್ಯಾಂಡಿನ ಬೋರ್ಡಿಗೆ ಆ ಮುಖವನ್ನೇ ಬರೆಸುತ್ತಾರೆ, ಅದು ಸಣ್ಣ ವಿಷಯವೇನಲ್ಲ. ಖಾಕಿ ಹಾಕಿದವನನ್ನು ಹೀರೋ ಮಾಡಿದ ಸಿನಿಮಾ ಅದು. ಆದರೆ ನನಗೆ ಅವರೇ ನಿರ್ದೇಶಿಸಿದ ‘ಆಕ್ಸಿಡೆಂಟ್’ ಬಗ್ಗೆ ಬರೆಯಬೇಕಿತ್ತು. 1985ರ ಸಿನಿಮಾ, ರಾಷ್ಟ್ರ ಪ್ರಶಸ್ತಿ ಪಡೆದದ್ದು. ದೊಡ್ಡ ಮನೆಯ ಹುಡುಗ ಅಮಲಿನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹರಿಸುತ್ತಾನೆ, ಅಧಿಕಾರದಲ್ಲಿರುವ ಅಪ್ಪ ಅದನ್ನು ಮುಚ್ಚಿಹಾಕಲು ನೋಡುತ್ತಾನೆ. ಆ ಅಪ್ಪನ ಪಾತ್ರ ಮಾಡಿದ್ದು ಅನಂತ್ ನಾಗ್, ಬೆನ್ನು ಹತ್ತುವ ಪತ್ರಕರ್ತ ಶಂಕರಣ್ಣ. ಇದರಲ್ಲಿ ಫೈಟೂ ಇಲ್ಲ, ಡ್ಯಾನ್ಸೂ ಇಲ್ಲ, ಯಾರು ಓದುತ್ತಾರೆ ಅಂದರು. ಹಟ ಹಿಡಿದು ಹಾಕಿಸಿದೆ.

ಸಂಚಿಕೆ ಹಂಚಿ ಕೆಲವು ದಿನವಾಗಿತ್ತು, ವಯಸ್ಸಾದ ಡ್ರೈವರ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಆರ್‌ಸಿ, ಇನ್ಶೂರೆನ್ಸ್ ಇಡುವ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಆ ಪುಟ ಮಡಚಿ ಇಟ್ಟಿದ್ದರು, ಕೆಲವು ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ. ‘ರಾತ್ರಿ ಲೇಟಾದರೆ ನಾನೂ ಗಾಡಿ ಸೈಡಿಗೆ ಹಾಕಿ ರೋಡಲ್ಲೇ ಮಲಗೋನು. ಈ ಸಿನಿಮಾ ನಮ್ಮದು ಅಂತ ಗೊತ್ತಿರಲಿಲ್ಲ’ ಅಂದರು. ಮಗನ ಫೋನಿನಲ್ಲಿ ಹುಡುಕಿಸಿ ನೋಡಿದರಂತೆ. ಆಮೇಲೆ ನಾವಿಬ್ಬರೂ ಟೀ ಕುಡಿಯುತ್ತಾ ಕ್ಲೈಮ್ಯಾಕ್ಸ್ ಬಗ್ಗೆ ಅರ್ಧ ಗಂಟೆ ವಾದ ಮಾಡಿದೆವು. ಅವರು ನನ್ನ ಒಂದು ಮಾತನ್ನೂ ಒಪ್ಪಲಿಲ್ಲ. ಅಂಥ ಓದುಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಈ ಸಲದ ಸಂಚಿಕೆಗೆ ನಾಟಕಗಳ ಬಗ್ಗೆ ಬರೆಯುತ್ತಿದ್ದೇನೆ. ಜೆ.ಪಿ. ನಗರದ ರಂಗಶಂಕರ ನಾಟಕಮಂದಿರದ ಮುಂದೆ ನಮ್ಮ ಹುಡುಗರು ದಿನಾ ಬಾಡಿಗೆ ಇಳಿಸುತ್ತಾರೆ, ಒಳಗೆ ಹೋದವರು ಕಡಿಮೆ. 2004ರಲ್ಲಿ ಅರುಂಧತಿಯವರು ಅದನ್ನು ಕಟ್ಟಿ ನಿಲ್ಲಿಸಿದ ಕಥೆ ಅವರಿಗೆ ಗೊತ್ತಾಗಬೇಕು. ಎಂಬತ್ತರ ದಶಕದಲ್ಲಿ ಸಂಕೇತ್ ನಾಟಕ ನೋಡಿದವರು, ಹಳೆಯ ಟಿಕೆಟ್ಟೋ ಕರಪತ್ರವೋ ಫೋಟೋವೋ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಫೋಟೋ ತೆಗೆದುಕೊಂಡು ಹೋಗುತ್ತೇನೆ, ಮೂಲ ನಿಮ್ಮ ಹತ್ತಿರವೇ ಇರಲಿ. ನಿಮ್ಮ ಹೆಸರು ಪುಟದ ಕೆಳಗೆ ಖಂಡಿತ ಇರುತ್ತದೆ.