ಕೆಟ್ಟ ಮೈಕ್ರೋವೇವ್ ಇದೆ, ಟೆಸ್ಲಾ ಕಾಯಿಲ್ ಮಾಡಬಹುದಾ?

ನಾನು ಗುಜರಿ ಸಾಮಾನಿನಿಂದ ಪುಟ್ಟ ಟೆಸ್ಲಾ ಕಾಯಿಲ್, ಅಂದರೆ ಭಾರಿ ವೋಲ್ಟೇಜ್ ಎಬ್ಬಿಸುವ ತಂತಿ ಸುರುಳಿ, ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. "ಮನೆಯಲ್ಲಿ ಕೆಟ್ಟ ಮೈಕ್ರೋವೇವ್ ಬಿದ್ದಿದೆ. ಅದರ ಟ್ರಾನ್ಸ್‌ಫಾರ್ಮರ್ ತೆಗೆದು ನಾನೂ ಒಂದು ಮಾಡಬಹುದಾ?"

ಕಾಯಿಲ್ ಖಂಡಿತ ಮಾಡಿ. ಮೈಕ್ರೋವೇವ್ ಮಾತ್ರ ಬಿಚ್ಚಬೇಡಿ.

ಆ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ. ಜೊತೆಗೆ ಅರ್ಧ ಆಂಪಿಯರ್‌ನಷ್ಟು ಕರೆಂಟನ್ನೂ ಸಲೀಸಾಗಿ ಹರಿಸುತ್ತದೆ. ಹೃದಯ ನಿಲ್ಲೋದಕ್ಕೆ ಅದರ ಹತ್ತರಲ್ಲಿ ಒಂದು ಪಾಲೂ ಸಾಕು. ಪಕ್ಕದಲ್ಲಿರುವ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಅನುಭವ ಇರುವವರೂ ಇದನ್ನು ಮುಟ್ಟಿ ಸತ್ತಿದ್ದಾರೆ. ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬ್ ಬಗ್ಗೆಯೂ ನನ್ನದು ಇದೇ ಮಾತು.

ಇನ್ನೊಂದು ವಿಷಯ, ಪುಟ್ಟ ಕಾಯಿಲ್‌ಗೆ ಅಷ್ಟು ಶಕ್ತಿಯೇ ಬೇಕಿಲ್ಲ. ನಿಕೋಲಾ ಟೆಸ್ಲಾ 1891ರಲ್ಲಿ ಈ ಕಾಯಿಲ್ ಮಾಡಿದಾಗ ಅದರ ಜೀವಾಳ ಇದ್ದದ್ದು ತಾಳದಲ್ಲಿ. ಅರ್ಧ ತುಂಬಿದ ಬಕೆಟ್ ಹಿಡಿದು ನಡೆಯುವಾಗ ನೋಡಿದ್ದೀರಲ್ವಾ? ನೀರು ತೂಗಾಡುವ ತಾಳಕ್ಕೆ ನಮ್ಮ ಹೆಜ್ಜೆ ಕೂಡಿಬಿಟ್ಟರೆ, ಮೆಲ್ಲಗೆ ನಡೆದರೂ ನೀರು ಅಂಚು ದಾಟಿ ಚೆಲ್ಲುತ್ತದೆ. ತಂತಿ ಸುತ್ತಿಗೂ ಹೀಗೆ ಅದರದ್ದೇ ಒಂದು ತಾಳ ಇರುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪದ ಪೈಪಿನ ಮೇಲೆ 450 ಸುತ್ತು ಹಾಕಿದರೆ, ಅದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಸಲ ತೂಗುತ್ತದೆ. ಆ ತಾಳಕ್ಕೆ ಸರಿಯಾಗಿ ತಟ್ಟಿದರೆ 12 ವೋಲ್ಟಿನಿಂದಲೇ ಸಾವಿರಾರು ವೋಲ್ಟ್ ಏಳುತ್ತದೆ.

ತಟ್ಟುವ ಕೆಲಸಕ್ಕೆ ಒಂದೇ ಒಂದು ಟ್ರಾನ್ಸಿಸ್ಟರ್ ಸಾಕು. ಇಂಥ ಸರ್ಕ್ಯೂಟ್‌ಗೆ ಸ್ಲೇಯರ್ ಎಕ್ಸೈಟರ್ ಅನ್ನುತ್ತಾರೆ. ಹಳೆಯ ಆಂಪ್ಲಿಫೈಯರ್‌ನಲ್ಲಿ ಟಿಐಪಿ31 ಅಥವಾ ಟಿಐಪಿ41 ಅನ್ನುವ ಟ್ರಾನ್ಸಿಸ್ಟರ್ ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಬಿಸಿ ಹೀರುವ ಲೋಹದ ತುಂಡು, ಹೀಟ್‌ಸಿಂಕ್ ಕೂಡ ಅಲ್ಲೇ ಸಿಗುತ್ತದೆ, ಅದನ್ನು ಬಿಡಬೇಡಿ. ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ. ಕಂಪ್ಯೂಟರ್ ಪವರ್ ಸಪ್ಲೈಯಲ್ಲಿ ಸಿಗುವ 13007 ಟ್ರಾನ್ಸಿಸ್ಟರ್ ನೋಡೋಕೆ ಗಟ್ಟಿ, ಆದರೆ ಅದರ ಗೇನ್, ಅಂದರೆ ಕರೆಂಟನ್ನು ಹಿಗ್ಗಿಸುವ ಶಕ್ತಿ, ಕಡಿಮೆ. ಈ ಕೆಲಸಕ್ಕೆ ಅದು ಸರಿಹೋಗಲ್ಲ.

ಇನ್ನು ತಂತಿ. ನನಗೆ ಅತಿ ಇಷ್ಟದ ಭಾಗ ಇದು. ಹಳೆಯ ರೇಡಿಯೊ, ಎಲಿಮಿನೇಟರ್‌ಗಳಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದಲ್ಲ, ಅದರ ಪ್ರೈಮರಿಯಲ್ಲಿ, ಅಂದರೆ ಮನೆ ಕರೆಂಟ್ ಕಡೆಯ ಸುತ್ತಿನಲ್ಲಿ, ಕೂದಲಿನಷ್ಟು ಸಣ್ಣ ಎನಾಮಲ್ ಲೇಪದ ತಂತಿ ಇದೆ. ತಗಡುಗಳನ್ನು ಒಂದೊಂದಾಗಿ ಬಿಡಿಸಿ, ನಿಧಾನವಾಗಿ ಬಿಚ್ಚಿ. 0.2 ಮಿಲಿಮೀಟರ್ ಆಸುಪಾಸಿನದ್ದಾದರೆ ಚೆನ್ನ. ಸುಮಾರು 60 ಮೀಟರ್ ಬೇಕು. ಪಿವಿಸಿ ಪೈಪಿನ ಮೇಲೆ ಒಂದೇ ಪದರ, ಸುತ್ತಿಗೆ ಸುತ್ತು ಒತ್ತಿಕೊಂಡಿರಬೇಕು. ಒಂದರ ಮೇಲೊಂದು ಹತ್ತಬಾರದು. ಸುತ್ತುವಾಗ ಅಂಗೈಯಲ್ಲಿ ತಂತಿಯ ಸೆಳೆತ ಗೊತ್ತಾಗುತ್ತಿರಬೇಕು. ನಾನು ಪ್ರತಿ ಐವತ್ತು ಸುತ್ತಿಗೊಮ್ಮೆ ಒಂದು ಚೂರು ಟೇಪ್ ಹಚ್ಚುತ್ತೇನೆ. ಮುನ್ನೂರನೇ ಸುತ್ತಿನಲ್ಲಿ ಕೈ ಜಾರಿ ಎಲ್ಲ ಬಿಚ್ಚಿಕೊಂಡ ದಿನದಿಂದ ಬಂದ ಅಭ್ಯಾಸ ಅದು. ಮುಗಿದ ಮೇಲೆ ವಾರ್ನಿಷ್ ಬಳಿದು ಒಣಗಲು ಬಿಡಿ.

ಜೋಡಣೆ ಸುಲಭ. ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಕಲೆಕ್ಟರ್, ಎಮಿಟರ್, ಬೇಸ್. ಪೈಪಿನ ಬುಡದ ಸುತ್ತ, ಪ್ಲಾಸ್ಟಿಕ್ ಹೊದಿಕೆಯ ದಪ್ಪ ತಂತಿಯನ್ನು ಮೂರು ನಾಲ್ಕು ಸುತ್ತು ಸಡಿಲವಾಗಿ ಹಾಕಿ. ಅದರ ಒಂದು ತುದಿ 12 ವೋಲ್ಟಿಗೆ, ಇನ್ನೊಂದು ಕಲೆಕ್ಟರ್‌ಗೆ. ಎಮಿಟರ್ ನೆಗೆಟಿವ್‌ಗೆ. ಸಣ್ಣ ತಂತಿಯ ಕೆಳತುದಿಯ ಎನಾಮಲ್ ಕೆರೆದು ಬೇಸ್‌ಗೆ ಸೋಲ್ಡರ್ ಮಾಡಿ. 12 ವೋಲ್ಟಿನಿಂದ ಬೇಸ್‌ಗೆ 22 ಕಿಲೋಓಮ್ ರೆಸಿಸ್ಟರ್. ನೆಗೆಟಿವ್‌ನಿಂದ ಬೇಸ್‌ಗೆ ಒಂದು ಡಯೋಡ್, ಅದರ ಗೆರೆ ಇರುವ ಬದಿ ಬೇಸ್ ಕಡೆಗೆ. ಮೇಲ್ತುದಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದ ಚೆಂಡು. ಕರೆಂಟಿಗೆ ಯಾವುದಾದರೂ 12 ವೋಲ್ಟ್ ಅಡಾಪ್ಟರ್. ತಾಳ ಹುಡುಕುವ ತಲೆನೋವು ಇದರಲ್ಲಿ ಇಲ್ಲ. ಸಣ್ಣ ತಂತಿಯ ಸುತ್ತೇ ತನ್ನ ತಾಳವನ್ನು ಬೇಸ್ ಮೂಲಕ ಟ್ರಾನ್ಸಿಸ್ಟರ್‌ಗೆ ಹೇಳಿಕೊಡುತ್ತದೆ.

ನಡೆಯಲಿಲ್ಲವಾ? ದಪ್ಪ ತಂತಿಯ ಎರಡು ತುದಿಗಳನ್ನು ಅದಲು ಬದಲು ಮಾಡಿ. ನನ್ನ ಮೊದಲ ಕಾಯಿಲ್ ಮೂರು ದಿನ ಸುಮ್ನೆ ಕೂತಿತ್ತು. ಎರಡು ಟ್ರಾನ್ಸಿಸ್ಟರ್ ಬದಲಾಯಿಸಿದ್ದೆ. ತುದಿ ಬದಲಿಸಿದ ಕ್ಷಣ ಎದ್ದು ಕೂತಿತು. ಹತ್ತಿರ ಎಎಂ ರೇಡಿಯೊ ಇದ್ದರೆ ಕಾಯಿಲ್ ಓಡುತ್ತಿರುವುದು ಅದರ ಸದ್ದಿನಿಂದಲೇ ತಿಳಿಯಬಹುದು. ಅದಕ್ಕೇ ಜಾಸ್ತಿ ಹೊತ್ತು ಓಡಿಸಬೇಡಿ, ಪಕ್ಕದವರ ರೇಡಿಯೊಗೂ ತೊಂದರೆ.

ಇಷ್ಟು ಚಿಕ್ಕದರಿಂದ ಮಾರುದ್ದ ಕಿಡಿ ಬರಲ್ಲ. ಬರುವ ಚೂರು ಕಿಡಿಗೂ ಬೆರಳು ಒಡ್ಡಬೇಡಿ. "ಇಂಥ ಕರೆಂಟ್ ಚರ್ಮದ ಮೇಲೇ ಹರಿದುಹೋಗುತ್ತೆ, ಏನೂ ಆಗಲ್ಲ" ಅನ್ನುವವರಿದ್ದಾರೆ. ಅದು ತಪ್ಪು. ಇಷ್ಟು ವೇಗದ ಕಂಪನ ನಮ್ಮ ನರಗಳಿಗೆ ಶಾಕ್ ಥರ ತಿಳಿಯುವುದಿಲ್ಲ, ಅಷ್ಟೇ. ಆದರೆ ಸುಟ್ಟಗಾಯ ಆಗುತ್ತದೆ. ಪೇಸ್‌ಮೇಕರ್ ಇರುವವರು ಆ ಕೋಣೆಯಲ್ಲೇ ಇರಬಾರದು. ಮೊಬೈಲ್ ದೂರ ಇಡಿ.

ಕಿಡಿ ಇಲ್ಲದೆಯೇ ಪರೀಕ್ಷೆ ಮಾಡಬಹುದು. ಫಿಲಮೆಂಟ್ ಸುಟ್ಟುಹೋಗಿ ಮೂಲೆಗೆ ಸೇರಿದ ಟ್ಯೂಬ್‌ಲೈಟ್ ತನ್ನಿ. ಗಾಜು ಒಡೆಯದಂತೆ ನೋಡಿಕೊಳ್ಳಿ, ಒಳಗೆ ಪಾದರಸ ಇದೆ. ದೀಪ ಆರಿಸಿ, ಟ್ಯೂಬಿನ ಗಾಜನ್ನು ಹಿಡಿದು ಕಾಯಿಲ್ ಹತ್ತಿರ ನಿಧಾನವಾಗಿ ಒಯ್ಯಿರಿ. ಒಳಗಿನ ಅನಿಲಕ್ಕೆ ಫಿಲಮೆಂಟ್ ಬೇಕಿಲ್ಲ, ತಂತಿಯೂ ಬೇಕಿಲ್ಲ. ಸತ್ತಿದೆ ಅಂದುಕೊಂಡಿದ್ದ ಟ್ಯೂಬ್, ಕೈ ಹಿಡಿದ ಜಾಗದವರೆಗೂ ಬೆಳಗುತ್ತದೆ.