ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕಿದ ಫೋಟೋಗಳು ಎಲ್ಲಿಗೆ ಹೋದವು?

"ಮ್ಯಾಕ್‌ನಲ್ಲಿ ಜಾಗ ಸಾಲದೆ ಫೋಟೋ ಲೈಬ್ರರಿಯನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕಿದ್ದೆ. ಈಗ ಫೋಟೋಸ್ ಆ್ಯಪ್ ತೆರೆದರೆ ಎಲ್ಲ ಖಾಲಿ. ಹೋದವಾ?" ನನಗೆ ಬರುವ ಫೋನ್‌ಗಳಲ್ಲಿ ಈ ಪ್ರಶ್ನೆಯೇ ಜಾಸ್ತಿ. ಕೇಳುವವರ ಗಂಟಲು ಕಟ್ಟಿರುತ್ತದೆ. ತೀರಿಹೋದ ಅಪ್ಪ ಕನ್ನಡಕ ಒರೆಸುತ್ತಾ ಕೂತಿರುವ ಒಂದೇ ಒಂದು ಫೋಟೋ ಅದರೊಳಗೆ ಇರುತ್ತದೆ, ಅಲ್ವಾ?

ನನ್ನ ಉತ್ತರ: ಹೆಚ್ಚಾಗಿ ಹೋಗಿರುವುದಿಲ್ಲ. ಆದರೆ ಖಾತ್ರಿಯಾಗುವ ತನಕ ಆ ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ. ನಾನು ನೋಡಿದ ನಿಜವಾದ ನಷ್ಟಗಳೆಲ್ಲ ಮೊದಲ ತೊಂದರೆಯಿಂದ ಆದವಲ್ಲ, ಗಾಬರಿಯಲ್ಲಿ ಮಾಡಿದ ರಿಪೇರಿಯಿಂದ ಆದವು.

ಆಗಿರುವುದು ಇಷ್ಟೇ. ಕೊನೆಯ ಸಲ ಯಾವ ಲೈಬ್ರರಿ ತೆರೆದಿತ್ತು ಅನ್ನುವುದನ್ನು ಫೋಟೋಸ್ ನೆನಪಿಟ್ಟುಕೊಂಡಿರುತ್ತದೆ. ಒಂದು ದಿನ ಡ್ರೈವ್ ಸಿಕ್ಕಿಸದೆ ತೆರೆಯುತ್ತೀರಿ. ಲೈಬ್ರರಿ ಸಿಗಲಿಲ್ಲ ಅನ್ನುತ್ತದೆ. ಅವಸರದಲ್ಲಿ ಹೊಸದೊಂದು ಮಾಡಿಬಿಡುತ್ತೀರಿ. ಅಲ್ಲಿಂದ ಮುಂದೆ ಆ ಖಾಲಿ ಲೈಬ್ರರಿಯೇ ತೆರೆಯುತ್ತದೆ. ಹಳೆಯದು ಡ್ರೈವ್‌ನಲ್ಲಿ ಸುಮ್ನೆ ಕೂತಿರುತ್ತದೆ.

ಫೋಟೋಸ್ ಮುಚ್ಚಿ. ಡ್ರೈವ್ ಸಿಕ್ಕಿಸಿ, ಫೈಂಡರ್‌ನಲ್ಲಿ ಕಾಣಿಸುವ ತನಕ ಕಾಯಿರಿ. ಆಪ್ಷನ್ ಕೀ ಒತ್ತಿ ಹಿಡಿದುಕೊಂಡೇ ಫೋಟೋಸ್ ತೆರೆಯಿರಿ. ಲೈಬ್ರರಿಗಳ ಪಟ್ಟಿ ಬರುತ್ತದೆ, ನಿಮ್ಮದನ್ನು ಆರಿಸಿ. ಆಮೇಲೆ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಅದನ್ನು ಸಿಸ್ಟಂ ಫೋಟೋ ಲೈಬ್ರರಿ ಮಾಡಬಹುದು. ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್ ಜೊತೆ ಸಿಂಕ್ ಆಗುವುದು ಸಿಸ್ಟಂ ಲೈಬ್ರರಿ ಮಾತ್ರ. ಹಾಗಾಗಿ ಈ ಗುಂಡಿಯನ್ನು ಯೋಚಿಸಿ ಒತ್ತಿ.

ಲೈಬ್ರರಿ ಸಿಕ್ಕಿತು, ಆದರೆ ತೆರೆಯುತ್ತಿಲ್ಲವೇ? ಫೋಟೋಸ್ ತೆರೆದಿರುವಾಗಲೇ ಕೇಬಲ್ ಕಿತ್ತರೆ ಹೀಗಾಗಬಹುದು. ಮೊದಲು ಇಡೀ ಲೈಬ್ರರಿಯ ಒಂದು ಕಾಪಿ ಬೇರೆ ಡಿಸ್ಕ್‌ಗೆ ತೆಗೆದಿಡಿ. ನಂತರ ಕಮಾಂಡ್, ಆಪ್ಷನ್ ಎರಡನ್ನೂ ಹಿಡಿದು ಫೋಟೋಸ್ ತೆರೆದರೆ ರಿಪೇರಿ ಮಾಡಲೇ ಎಂದು ಕೇಳುತ್ತದೆ. ದೊಡ್ಡ ಲೈಬ್ರರಿಯಾದರೆ ತುಂಬಾ ಹೊತ್ತು ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡಿ. ಡ್ರೈವ್‌ನ ಫಾರ್ಮ್ಯಾಟ್, ಅಂದರೆ ಅದು ಫೈಲ್‌ಗಳನ್ನು ಜೋಡಿಸಿಡುವ ಬಗೆ, ಅದನ್ನೂ ನೋಡಿ. ಎಪಿಎಫ್‌ಎಸ್ ಅಥವಾ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಇರಬೇಕು. ಅಂಗಡಿಯಿಂದ ತಂದ ಎಷ್ಟೋ ಡ್ರೈವ್‌ಗಳು ಎಕ್ಸ್‌ಫ್ಯಾಟ್‌ನಲ್ಲಿರುತ್ತವೆ. ಈ ಲೈಬ್ರರಿಗೆ ಅದು ಒಗ್ಗುವುದಿಲ್ಲ.

ರಿಪೇರಿಯೂ ಆಗಲಿಲ್ಲ ಅಂದರೂ ಕೈಬಿಡಬೇಡಿ. ಲೈಬ್ರರಿ ನೋಡಲು ಒಂದೇ ಫೈಲ್, ನಿಜದಲ್ಲಿ ಅದೊಂದು ಫೋಲ್ಡರ್. ರೈಟ್ ಕ್ಲಿಕ್ ಮಾಡಿ ಶೋ ಪ್ಯಾಕೇಜ್ ಕಂಟೆಂಟ್ಸ್ ಒತ್ತಿ. ಒಳಗೆ ಒರಿಜಿನಲ್ಸ್ ಅಂತ ಇರುತ್ತದೆ. 2019ರ ಮ್ಯಾಕ್ ಓಎಸ್ ಆವೃತ್ತಿ ಕ್ಯಾಟಲೀನಾಗಿಂತ ಹಿಂದಿನ ಲೈಬ್ರರಿಯಾದರೆ ಅದರ ಹೆಸರು ಮಾಸ್ಟರ್ಸ್. ಒರಿಜಿನಲ್ಸ್‌ನಲ್ಲಿ ಫೈಲ್‌ಗಳ ಹೆಸರು ಉದ್ದುದ್ದ ಅಂಕಿ ಅಕ್ಷರಗಳ ಸಾಲು, ಓದಿದರೆ ಏನೂ ತಿಳಿಯುವುದಿಲ್ಲ. ತೆರೆದು ನೋಡಿ, ಕ್ಯಾಮೆರಾ ತೆಗೆದ ಚಿತ್ರ ಹಾಗೇ ಇರುತ್ತದೆ. ತೆಗೆದ ದಿನಾಂಕವೂ ಸಾಮಾನ್ಯವಾಗಿ ಚಿತ್ರದೊಳಗೇ ಇರುತ್ತದೆ. ಆಲ್ಬಂಗಳು, ನೀವು ಮಾಡಿದ ಎಡಿಟ್‌ಗಳು ಇಲ್ಲಿ ಸಿಗುವುದಿಲ್ಲ. ಒಳಗಿನದನ್ನು ಕಾಪಿ ಮಾಡಿಕೊಳ್ಳಿ, ಕದಲಿಸಬೇಡಿ.

ವಿಂಡೋಸ್‌ನಲ್ಲಿ ಲೈಟ್‌ರೂಮ್ ಎಂಬ ಫೋಟೋ ತಂತ್ರಾಂಶ ಬಳಸುವವರಿಗೆ ಫೋಲ್ಡರ್ ಮೇಲೆ ಪ್ರಶ್ನೆ ಚಿಹ್ನೆ ಕಂಡರೆ, ಡ್ರೈವ್‌ನ ಅಕ್ಷರ ಇ ಇದ್ದದ್ದು ಎಫ್ ಆಗಿದೆಯೇ ನೋಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರ ಕೊಟ್ಟರೆ ಸಾಕು.

ಇನ್ನು ಡ್ರೈವ್ ಸಿಕ್ಕಿಸಿದ ಕೂಡಲೇ ಫಾರ್ಮ್ಯಾಟ್ ಮಾಡಲೇ ಅಂತ ಕಂಪ್ಯೂಟರ್ ಕೇಳಿದರೆ, ದಯವಿಟ್ಟು ಬೇಡ ಅನ್ನಿ. ಫೋಟೋಗಳು ಅಳಿಸಿಹೋಗಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹುಡುಕಿಕೊಡಬಹುದು. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೇ ಉಳಿಸಬೇಕು. ತಿರುಗುವ ಡಿಸ್ಕ್ ಇಲ್ಲದ ಎಸ್‌ಎಸ್‌ಡಿ ಡ್ರೈವ್ ಆದರೆ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದರ ಟ್ರಿಮ್ ಎಂಬ ವ್ಯವಸ್ಥೆ ಬೇಗ ಖಾಲಿ ಮಾಡಿಬಿಡಬಹುದು. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಮತ್ತೊಮ್ಮೆ ಸಿಕ್ಕಿಸಿ ನೋಡುವ ಆಸೆಯನ್ನೂ ಬಿಡಿ. ತಕ್ಷಣ ಕೇಬಲ್ ತೆಗೆದು, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.