ಇರುವೆ ಕಚ್ಚಿದ ಹುಡುಗ

ಶನಿವಾರ, 16 ನವೆಂಬರ್ 2024

ಮೊಣಕಾಲು ಇನ್ನೂ ಉರಿಯುತ್ತಿದೆ. ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಟ್ರಯಾಜ್ ಮಾಕ್ ಡ್ರಿಲ್, ಅಂದರೆ ಯಾರನ್ನು ಮೊದಲು ನೋಡಬೇಕು ಅಂತ ಗಾಯಾಳುಗಳನ್ನು ವಿಂಗಡಿಸುವ ಅಣಕು ಅಭ್ಯಾಸ. ಘಾಟಿಯಲ್ಲಿ ಬಸ್ ಉರುಳಿದೆ, 22 ಜನ ಗಾಯಾಳುಗಳು, ಮೊದಲು ತಲುಪಿದವರು ನಾವು ಮೂವರೇ. ಇದು ಕತೆ. ನರ್ಸಿಂಗ್ ಕಾಲೇಜಿನ ಮಕ್ಕಳು ಮೈಗೆಲ್ಲ ಕುಂಕುಮದ ನೀರು ಸುರಿದುಕೊಂಡು ಬಿದ್ದಿದ್ದರು. ಕೊರಳಲ್ಲಿ ಉಸಿರು, ನಾಡಿ ಬರೆದ ಚೀಟಿ.

ನಮಗೆ ಕಲಿಸಿದ್ದು ಸ್ಟಾರ್ಟ್ ಪದ್ಧತಿ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಹುಟ್ಟಿದ್ದು. ನಡೆಯಲು ಆಗುವವರನ್ನು ಮೊದಲು ಕೂಗಿ ಪಕ್ಕಕ್ಕೆ ಕಳಿಸಬೇಕು, ಅವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರಾಡುವವರಿಗೆ ಕೆಂಪು, ಅಂದರೆ ಮೊದಲು ನೋಡಬೇಕಾದವರು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೂ, ಹೇಳಿದ ಮಾತು ಕೇಳದಿದ್ದರೂ ಕೆಂಪೇ. ಇದ್ಯಾವುದೂ ಇಲ್ಲದಿದ್ದರೆ ಹಳದಿ, ಸ್ವಲ್ಪ ಕಾಯಬಹುದು. ಒಬ್ಬರಿಗೆ ಒಂದು ನಿಮಿಷವೂ ಹಿಡಿಯಬಾರದು.

ಆ 'ಮಾತು ಕೇಳುವುದು' ಇದೆಯಲ್ಲ, ಅಲ್ಲೇ ಒಂದು ತಮಾಷೆ. 'ಕೈ ಮುಷ್ಟಿ ಮಾಡಿ' ಅಂದೆ. ಹುಡುಗಿ ಸುಮ್ಮನೆ ನೋಡಿದಳು. ಕೆಂಪು ಕಟ್ಟಿಬಿಟ್ಟೆ. ಆಮೇಲೆ ನೋಡಿದರೆ ಅವಳು ಮಣಿಪುರದವಳು, ಕಾಲೇಜಿಗೆ ಸೇರಿ ಎರಡು ತಿಂಗಳಾಗಿದೆ, ಕನ್ನಡ ಬರುವುದಿಲ್ಲ! ಹೇಳುವ ಜೊತೆಗೆ ಕೈ ಮಾಡಿಯೂ ತೋರಿಸಬೇಕಿತ್ತು.

ದೊಡ್ಡ ತಪ್ಪು ಆಗಿದ್ದು ಬೇವಿನ ಮರದ ಕೆಳಗೆ. ಒಬ್ಬ ಹುಡುಗ, ಚೀಟಿಯಲ್ಲಿ 'ಉಸಿರಿಲ್ಲ'. ಗದ್ದ ಎತ್ತಿ ಉಸಿರಿನ ದಾರಿ ಬಿಡಿಸಿದೆ. 'ಈಗಲೂ ಇಲ್ಲ' ಅಂದರು ತರಬೇತಿ ಕೊಡುವ ಡಾಕ್ಟರು. ಅಂದರೆ ಇವನು ಉಳಿಯುವುದಿಲ್ಲ, ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗಬೇಕು. ಆದರೆ ನನ್ನ ಎರಡೂ ಕೈ ಆಗಲೇ ಅವನ ಎದೆ ಮೇಲಿದ್ದವು. ವಾರ್ಡಿನಲ್ಲಿ 11 ವರ್ಷದಿಂದ ಮಾಡಿದ್ದು ಅದನ್ನೇ ಅಲ್ವಾ? ಮಂಡಿಯೂರಿ ಸಿಪಿಆರ್ ಎಣಿಸುತ್ತಾ ಹೋದೆ. ಡಾಕ್ಟರು ಬೈಯಲಿಲ್ಲ. ನಾಲ್ಕು ಹೆಜ್ಜೆ ಆಚೆ ತೊಡೆಯಿಂದ 'ರಕ್ತ' ಸೋರುತ್ತಿದ್ದ ಹುಡುಗಿಯ ಹತ್ತಿರ ಹೋದರು. ಅವಳ ಚೀಟಿ ತಿರುಗಿಸಿ 'ನಾಡಿ ಸಿಗುತ್ತಿಲ್ಲ' ಅಂತ ಬರೆದರು. ಇನ್ನೂ ಒಂದು ನಿಮಿಷ ಕಾದು, 'ಉಸಿರೂ ನಿಂತಿತು' ಅಂದು ಅವರೇ ಕಪ್ಪು ಪಟ್ಟಿ ಕಟ್ಟಿದರು. ಅವಳಿಗೆ ಬೇಕಿದ್ದದ್ದು ಗಟ್ಟಿಯಾಗಿ ಬಿಗಿದ ಒಂದು ಬಟ್ಟೆ, ಅಷ್ಟೇ.

ಟೀ ಹೊತ್ತಿಗೆ ಯಾರೋ 2010ರ ಮಂಗಳೂರು ವಿಮಾನ ದುರಂತದ ಮಾತೆತ್ತಿದರು. ಅಲ್ಲಿ 166 ಜನರಲ್ಲಿ ಬದುಕಿದವರು 8. ಪಟ್ಟಿ ಕಟ್ಟಿ ವಿಂಗಡಿಸಲು ಜನವೇ ಉಳಿದಿರಲಿಲ್ಲ. ಬಸ್ಸಿನದು ಹಾಗಲ್ಲ. ನರಳುವವರು ಜಾಸ್ತಿ, ನಮ್ಮ ಕೈಗಳು ಕಮ್ಮಿ. ಈ ಲೆಕ್ಕಾಚಾರವೆಲ್ಲ ಅಂಥ ಕಡೆಗೇ ಬೇಕು.

ಮಧ್ಯಾಹ್ನ ಮತ್ತೆ ಅದೇ ಡ್ರಿಲ್. ಅದೇ ಬೇವಿನ ಮರ, ಬೇಕಂತಲೇ ಅದೇ ಹುಡುಗ. ಗದ್ದ ಎತ್ತಿದೆ, ಉಸಿರಿಲ್ಲ. ಕಪ್ಪು ಪಟ್ಟಿಯ ದಾರ ಗಂಟು ಹಾಕುವಾಗ ಬೆರಳು ಸ್ವಲ್ಪ ನಡುಗಿತು. ಎದ್ದು ಎರಡು ಹೆಜ್ಜೆ ಇಟ್ಟಿದ್ದೆ.

'ಸಿಸ್ಟರ್, ಇರುವೆ ಕಚ್ತಿದೆ' ಅಂತ ಹಿಂದಿನಿಂದ ಪಿಸುಗುಟ್ಟಿದ.

ತಿರುಗಿ ನೋಡಲಿಲ್ಲ.